ಪ್ರತಿ ಮಾಡಿದವನು ಕಳ್ಳನೆ?



ಕಳೆದ ತಿರುಗಾಟದ ಕಾಲದಲ್ಲಿ ನಮ್ಮ ಕಾಪುವಿನಲ್ಲಿ ಒಂದು ಹರಕೆಯ ಆಟ ನಡೆಯಿತು. ನಡುರಾತ್ರಿ ಕಳೆದು ಭಾಗವತರು ಏರುಪದವನ್ನೆತ್ತಿಕೊಂಡರು, ಚೆಂಡೆ ಗುಡುಗಿತು, ರಂಗಸ್ಥಳದ ಮುಂದೆ ಕುಳಿತವರಲ್ಲಿ ಹತ್ತಿಪ್ಪತ್ತು ಮಂದಿ ಒಮ್ಮೆಲೇ ಮೊಬೈಲು ಎತ್ತಿ ಹಿಡಿದರು. ಎರಡು ದಿನ ಬಿಟ್ಟು ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದನು: "ಸಾರ್, ಆಟದ ಪದವೆಲ್ಲ ನನ್ನ ಮೊಬೈಲಿನಲ್ಲಿ ಉಂಟು. ಕೇಳದೆ ತೆಗೆದದ್ದು ಕಳವು ಅಂತ ಅಣ್ಣ ಹೇಳುತ್ತಾನೆ. ಭಾಗವತರ ಪದ ಭಾಗವತರಲ್ಲಿಯೇ ಉಂಟಲ್ಲ ಸಾರ್? ನಾನು ಕದ್ದದ್ದು ಏನನ್ನು?"

ನಾನು ತಟ್ಟನೆ ಉತ್ತರ ಕೊಡಲಿಲ್ಲ. ಕಾರಣವನ್ನು ನಿಮ್ಮಲ್ಲಿ ಮುಚ್ಚಿಡುವುದೇಕೆ? ಅದಕ್ಕೆ ಕೆಲವು ವಾರಗಳ ಹಿಂದೆ, ಅಂಗಡಿಯಲ್ಲಿ ಮಾರಾಟಕ್ಕಿದ್ದ ಒಂದು ಕನ್ನಡ ಕಾದಂಬರಿಯ ಪಿಡಿಎಫ್ ಪ್ರತಿ ನನ್ನ ಕೈಗೆ ಬಂದಿತ್ತು. ಮಕ್ಕಳು ಓದಲಿ ಎಂಬ ಆಸೆಯಿಂದ ಮೊದಲಿನಿಂದ ಕೊನೆಯವರೆಗೆ ಅಷ್ಟನ್ನೂ ಪೋಷಕರ ವಾಟ್ಸಾಪ್ ಗುಂಪಿಗೆ ಕಳುಹಿಸಿಬಿಟ್ಟಿದ್ದೆ. ತರುವಾಯ ಪುಸ್ತಕದಂಗಡಿಗೆ ಹೋದಾಗ ಅಂಗಡಿಯವರು, "ಮಾಸ್ಟ್ರೇ, ಈ ಪುಸ್ತಕವನ್ನು ಈಗ ಯಾರೂ ಕೇಳುವುದಿಲ್ಲ. ಎಲ್ಲರ ಮೊಬೈಲಿನಲ್ಲಿಯೂ ಉಂಟಂತೆ" ಎಂದರು. ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿದಿತ್ತು. ಹಾಗಾಗಿ ಹುಡುಗನ ಪ್ರಶ್ನೆ ನನ್ನದೂ ಆಯಿತು. ಈ ವಿಷಯದಲ್ಲಿ ನಮ್ಮ ಹಿರಿಯರು ಹೇಗೆ ನಡೆದುಕೊಂಡರು, ಇಂದಿನ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಪುಸ್ತಕದ ಕಳವು ನಮ್ಮ ತುಳುನಾಡಿಗೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಶ್ರೀ ಮಧ್ವಾಚಾರ್ಯರ ಗ್ರಂಥಭಂಡಾರವನ್ನು ಎದುರಾಳಿಗಳು ಅಪಹರಿಸಿದರೆಂದೂ, ಕುಂಬಳೆಯ ಅರಸ ಜಯಸಿಂಹನು ನಡುವೆ ಬಂದ ಮೇಲೆ ಅದು ಆಚಾರ್ಯರಿಗೆ ಮರಳಿತೆಂದೂ ನಾರಾಯಣ ಪಂಡಿತಾಚಾರ್ಯರ 'ಸುಮಧ್ವವಿಜಯ'ದಿಂದ ತಿಳಿದುಬರುತ್ತದೆ. ಇಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಓಲೆಯ ಕಟ್ಟು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಯಿತು, ಇದ್ದವರಿಗೆ ಇಲ್ಲವಾಯಿತು. ಇದು ಕಳವು.

ಆದರೆ ಅದೇ ಓಲೆಯನ್ನು ಎದುರಿಗಿಟ್ಟುಕೊಂಡು ಇನ್ನೊಂದು ಓಲೆಯ ಮೇಲೆ ಬರೆದುಕೊಂಡರೆ? ಅದನ್ನು ನಮ್ಮ ಹಿರಿಯರು ಪುಣ್ಯವೆಂದು ಎಣಿಸಿದರು. ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳೇ ಆಶ್ರಯವಿತ್ತ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಸಾವಿರ ಪ್ರತಿ ಮಾಡಿಸಿದ ಆ ಸಾಧ್ವಿಯನ್ನು ಯಾರಾದರೂ ಕಳ್ಳಿ ಎಂದಾರೆ? ಅವಳು ಹಾಗೆ ಮಾಡಿಸದೆ ಇದ್ದಿದ್ದರೆ ಪೊನ್ನನ ಕಾವ್ಯ ನಮ್ಮ ಕೈಗೆ ಬರುತ್ತಿತ್ತೋ ಇಲ್ಲವೋ! ಹಳೆಯ ಲಿಪಿಕಾರರಂತೂ ಗ್ರಂಥದ ಕೊನೆಯಲ್ಲಿ ತಮ್ಮ ಬೆನ್ನುನೋವನ್ನು ಹೇಳಿಕೊಂಡು, ತಪ್ಪಿದ್ದರೆ ಮನ್ನಿಸಬೇಕೆಂದೂ ಪುಸ್ತಕವನ್ನು ನೀರು ಎಣ್ಣೆಗಳಿಂದ ಕಾಪಾಡಬೇಕೆಂದೂ ಬೇಡಿಕೊಳ್ಳುವರು. ಪ್ರತಿ ಮಾಡಿದ್ದಕ್ಕಾಗಿ ಅವರು ಕ್ಷಮೆ ಕೇಳುವುದಿಲ್ಲ.

ಹಾಗೆಂದು ಹಿಂದಿನವರಿಗೆ ಕೃತಿಚೌರ್ಯದ ಅರಿವು ಇರಲಿಲ್ಲವೆಂದು ತಿಳಿಯಬಾರದು. ಸುಮಾರು 900ರ ಹೊತ್ತಿಗೆ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಭೇದ ಮಾಡಿ ಅಧ್ಯಾಯಗಳನ್ನೇ ಬರೆದಿರುವನು. ಅರ್ಥವೆಲ್ಲ ಹಿಂದಿನವನದೇ ಆಗಿದ್ದು ಮಾತಿನ ಜೋಡಣೆ ಮಾತ್ರ ಬೇರೆಯಾಗಿದ್ದರೆ ಅದು 'ಪ್ರತಿಬಿಂಬಕಲ್ಪ'. ಅದನ್ನು ಕವಿಯಾದವನು ಬಿಡಬೇಕೆಂಬುದು ಅವನ ಮತ. ಗಮನಿಸಿರಿ, ಅಲ್ಲಿ ವಿಚಾರಣೆಗೆ ನಿಂತಿರುವವನು ಇನ್ನೊಬ್ಬನ ಸರಕನ್ನು ತನ್ನದೆಂದು ತೋರಿಸಿಕೊಳ್ಳುವ ಕವಿ. ಕವಿಯ ಹೆಸರನ್ನು ಕವಿಗೇ ಉಳಿಸಿ ಓಲೆ ಬರೆದುಕೊಂಡ ಲಿಪಿಕಾರನು ಆ ಕಟಕಟೆಯಲ್ಲಿ ಇಲ್ಲ.

ಏಕೆ ಇಲ್ಲ? ಅಂದು ಕವಿಯ ಜೀವನ ನಡೆಯುತ್ತಿದ್ದುದು ಅರಸನ ಅಥವಾ ದಾನಿಯ ಕೊಡುಗೆಯಿಂದ. ಪ್ರತಿ ಹೆಚ್ಚಿದಷ್ಟೂ ಅವನ ಕೀರ್ತಿ ಹೆಚ್ಚುತ್ತಿತ್ತು. ಅವನ ಅನ್ನಕ್ಕೆ ಕೊರತೆ ಬರುತ್ತಿರಲಿಲ್ಲ. ಅಚ್ಚುಕೂಟ ಬಂದ ಮೇಲೆ ಈ ಲೆಕ್ಕ ತಿರುಗಿತು. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ಒಂದೇ ಸಲ ನೂರಾರು ಪ್ರತಿಗಳು ಹೊರಬರುವಂತಾಗಿ, ದಾನಿಯ ಸ್ಥಾನಕ್ಕೆ ಕೊಳ್ಳುವ ಓದುಗನು ಬಂದನು. ಪ್ರತಿಯ ಬೆಲೆಯೇ ಲೇಖಕನ ಜೀವನವಾಯಿತು. ಇಂಗ್ಲೆಂಡಿನಲ್ಲಿ 1710ರಲ್ಲಿಯೂ ಭಾರತದಲ್ಲಿ 1847ರಲ್ಲಿಯೂ ಕೃತಿಸ್ವಾಮ್ಯದ ಕಾನೂನುಗಳು ಬಂದುದು ಈ ಬದಲಾವಣೆಯ ಫಲ. ಇಂದು ನಡೆಯುತ್ತಿರುವುದು 1957ರ ಕಾಯಿದೆ; ಅದು ಹಲವು ತಿದ್ದುಪಡಿಗಳನ್ನು ಕಂಡಿದೆ.

ಈ ಕಾಯಿದೆಯ ಒಂದು ದೊಡ್ಡ ಪರೀಕ್ಷೆ ನಮ್ಮ ಉಡುಪಿಯಲ್ಲಿಯೇ ನಡೆಯಿತೆಂಬುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ಅಭ್ಯಾಸ ಮಾಡಿ, ರಾಗ, ತಾಳ, ವೇಷಭೂಷಣ, ರಂಗವಿಧಾನಗಳಲ್ಲಿ ಬದಲಾವಣೆ ತಂದು 'ಯಕ್ಷರಂಗ'ವೆಂಬ ನೃತ್ಯನಾಟಕವನ್ನು ರೂಪಿಸಿದರು. ಅದಕ್ಕಾಗಿ ಅಭಿಮನ್ಯುವಧೆ, ಪಂಚವಟಿ, ನಳದಮಯಂತಿ ಮುಂತಾದ ಏಳು ಪ್ರಸಂಗಗಳನ್ನು ಸಿದ್ಧಗೊಳಿಸಿದರು. 1994ರಲ್ಲಿ ಅವರು ಬರೆದ ಮರಣಶಾಸನದಂತೆ, 1997ರಲ್ಲಿ ಅವರು ತೀರಿಕೊಂಡ ಬಳಿಕ, ಹಕ್ಕು ಶ್ರೀಮತಿ ಮಾಲಿನಿ ಮಲ್ಯರಿಗೆ ಬಂತು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯು ದೆಹಲಿಯಲ್ಲಿ ಅಭಿಮನ್ಯುವಧೆಯನ್ನು ಆಡಿಸಿತು. ತಮ್ಮ ಅನುಮತಿ ಕೇಳಲಿಲ್ಲವೆಂದು ಮಲ್ಯರು ಉಡುಪಿಯ ನ್ಯಾಯಾಲಯಕ್ಕೆ ಹೋದರು.

ಎರಡು ಪಕ್ಷಗಳ ಮಾತಿನಲ್ಲಿಯೂ ತೂಕವಿತ್ತು. ಕಾರಂತರು ತಮ್ಮ ಕೇಂದ್ರದ ನಿರ್ದೇಶಕರಾಗಿದ್ದು, ತಮ್ಮ ಹಣ, ತಮ್ಮ ಕಲಾವಿದರ ನೆರವಿನಿಂದಲೇ ಇದನ್ನು ಕಟ್ಟಿದರೆಂಬುದು ಸಂಸ್ಥೆಯ ವಾದ. ಕಟ್ಟಿದ ಬುದ್ಧಿ ಕಾರಂತರದೆಂಬುದು ಎದುರು ವಾದ. 2003ರಲ್ಲಿ ಜಿಲ್ಲಾ ನ್ಯಾಯಾಲಯವೂ 2007ರಲ್ಲಿ ಉಚ್ಚ ನ್ಯಾಯಾಲಯವೂ ಮಲ್ಯರ ಹಕ್ಕನ್ನು ಎತ್ತಿಹಿಡಿದವು. 2009ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯವೂ ಹಕ್ಕನ್ನು ಒಪ್ಪಿತು. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಹಣ ಕೊಡದೆ ನೋಡುವ ಜನರ ಮುಂದೆ ಹವ್ಯಾಸಿ ಸಂಘದವರು ಆಡಿದರೆ, ಇಲ್ಲವೆ ವಿದ್ಯಾಸಂಸ್ಥೆಯು ಕಲಿಕೆಯ ಅಂಗವಾಗಿ ಕಾಯಿದೆಯ ಮಿತಿಯೊಳಗೆ ಆಡಿದರೆ, ಪ್ರತಿಬಂಧ ಅನ್ವಯಿಸದೆಂದು ತೀರ್ಪನ್ನು ಮಾರ್ಪಡಿಸಿತು.

ಈ ತೀರ್ಪು ನಮ್ಮ ಊರಿನವರಿಗೆ ಅರ್ಥವಾಗದ ಮಾತೇನೂ ಅಲ್ಲ. ಹರಕೆಯ ಆಟಕ್ಕೂ ಟಿಕೀಟಿನ ಡೇರೆ ಆಟಕ್ಕೂ ಇರುವ ವ್ಯತ್ಯಾಸ ಇಲ್ಲಿನ ಮಕ್ಕಳಿಗೂ ಗೊತ್ತು. ಯಕ್ಷಗಾನವೆಂಬ ಪರಂಪರೆಗೆ ಯಾರೊಬ್ಬರೂ ಒಡೆಯರಲ್ಲ. ಅದರ ಮೇಲೆ ಒಬ್ಬರು ತಮ್ಮ ಪ್ರತಿಭೆಯಿಂದ ಕಟ್ಟಿದ್ದಕ್ಕೆ ಕೆಲವು ಕಾಲ ಒಡೆತನ ಉಂಟು. ಕಾಯಿದೆಯಂತೆ ಆ ಕಾಲ ಕರ್ತೃವಿನ ಮರಣಾನಂತರ 60 ವರ್ಷ. ಕಾರಂತರ ಮಟ್ಟಿಗೆ ಅದು 2057ರ ಕೊನೆಗೆ ಮುಗಿಯುವುದು. ತರುವಾಯ ಅದು ಎಲ್ಲರ ಸೊತ್ತು.

ಇನ್ನು 'ಕಳವು' ಎಂಬ ಶಬ್ದ. ಭಾರತೀಯ ದಂಡಸಂಹಿತೆಯಲ್ಲಿಯೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯಸಂಹಿತೆಯಲ್ಲಿಯೂ, ಕಳವು ಎಂದರೆ ಒಬ್ಬರ ವಶದಲ್ಲಿರುವ ಚರಸೊತ್ತನ್ನು ದುರುದ್ದೇಶದಿಂದ ಕದಲಿಸುವುದು. ಪ್ರತಿ ಮಾಡಿದಾಗ ಮೂಲವು ಕದಲುವುದಿಲ್ಲ. ಆದುದರಿಂದ ಕೃತಿಸ್ವಾಮ್ಯದ ಕಾಯಿದೆ ಇದನ್ನು ಕಳವೆನ್ನದೆ ಹಕ್ಕಿನ ಉಲ್ಲಂಘನೆ ಎನ್ನುವುದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ 1985ರಲ್ಲಿ, ಎಲ್ವಿಸ್ ಪ್ರೀಸ್ಲಿಯ ಹಾಡುಗಳ ಕಳ್ಳಮುದ್ರಿಕೆಗಳನ್ನು ಮಾರಿದವನ ಮೊಕದ್ದಮೆಯಲ್ಲಿ, ಇಂತಹ ಮುದ್ರಿಕೆಗಳು ಕದ್ದ ಮಾಲಿನ ಕಾನೂನಿಗೆ ಒಳಪಡುವುದಿಲ್ಲವೆಂದು ಹೇಳಿತು. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ತಪ್ಪು ಹಗುರವಾಗದು. ತಿಳಿದೂ ತಿಳಿದೂ ಹಕ್ಕನ್ನು ಉಲ್ಲಂಘಿಸಿದವರಿಗೆ ನಮ್ಮ ಕಾಯಿದೆಯಲ್ಲಿ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸವೂ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವೂ ಉಂಟು.

ಲಿಪಿಕಾರನಿಗೆ ಒಂದು ಪ್ರತಿಗೆ ತಿಂಗಳುಗಟ್ಟಲೆ ಬೇಕಿತ್ತು. ಮುದ್ರಕನಿಗೆ ಕಾಗದ, ಮೊಳೆ, ಆಳು ಬೇಕಿತ್ತು. ಡಿಜಿಟಲ್ ಪ್ರತಿಗೆ ಬೆರಳಿನ ಒಂದು ಒತ್ತು ಸಾಕು. ಅದು ಮೂಲದಿಂದ ಕೂದಲೆಳೆಯಷ್ಟೂ ಬೇರೆಯಲ್ಲ. ಶ್ರಮವೇ ಹಿಂದೆ ಪ್ರತಿಗಳಿಗೆ ಒಡ್ಡು ಹಾಕುತ್ತಿತ್ತು. ಈಗ ಆ ಒಡ್ಡು ಇಲ್ಲ. ಉಳಿದಿರುವುದು ನಮ್ಮ ವಿವೇಕ ಮಾತ್ರ.

ಮರುವಾರ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ನೀನು ಕಳ್ಳನಲ್ಲ ಮಗಾ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಉಂಟು. ಆದರೂ ನೀನೇ ಕೇಳಿ ಸಂತೋಷಪಡಲು, ಇಲ್ಲವೆ ಕಲಿಯಲು ತೆಗೆದುಕೊಂಡದ್ದಕ್ಕೆ ಕಾಯಿದೆಯೇ ಅವಕಾಶ ಕೊಟ್ಟಿದೆ. ಅದನ್ನು ಅಂತರ್ಜಾಲಕ್ಕೆ ಹಾಕಿ ಹಣ ಮಾಡಲು ಹೊರಟರೆ ಮಾತು ಬೇರೆ. ಆಗ ಭಾಗವತರನ್ನು ಕೇಳಿಯೇ ಮಾಡಬೇಕು."

ನನ್ನ ವಿಷಯ? ಪಾಠಕ್ಕೆ ಬೇಕಾದ ಭಾಗವನ್ನು ಶಿಕ್ಷಕನು ಪ್ರತಿ ಮಾಡಬಹುದು. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಿಶ್ವವಿದ್ಯಾಲಯದ ನೆರಳಚ್ಚು ಪ್ರತಿಗಳ ಮೊಕದ್ದಮೆಯಲ್ಲಿ ಈ ಅವಕಾಶವನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ಪಠ್ಯವಲ್ಲದ ಇಡೀ ಕಾದಂಬರಿಯನ್ನು ಊರಿಗೆ ಹಂಚಿದ ನನಗೆ ಆ ನೆರಳು ಸಿಗದು. ಗುಂಪಿನಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಅದೇ ಅಂಗಡಿಯಿಂದ ಐದು ಪ್ರತಿಗಳನ್ನು ಕೊಂಡು ಶಾಲೆಯ ಕಪಾಟಿನಲ್ಲಿಟ್ಟೆ. ಹಂಚಿಹೋದ ಪ್ರತಿಗಳನ್ನು ಮರಳಿ ತರುವ ಶಕ್ತಿ ಯಾವ ಜಯಸಿಂಹನಿಗೂ ಇಲ್ಲ.

ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳು, ನಾವೇಕೆ ಮಾಡಬಾರದು ಎಂದು ನೀವು ಕೇಳಬಹುದು. ಮಾಡಬಹುದು. ಆದರೆ ಆಕೆ ಬರೆದವರಿಗೆ ತನ್ನ ಭಂಡಾರದಿಂದ ಕೊಟ್ಟಳು, ಕವಿಯನ್ನೂ ಸಾಕಿದಳು. ಮುಂದಿನ ಸಲ ನಿಮ್ಮ ಮೊಬೈಲಿಗೆ ಯಾರಾದರೂ ಒಂದು ಪುಸ್ತಕವನ್ನು ಕಳುಹಿಸಿದಾಗ, ಇದರ ಕರ್ತೃವಿಗೆ ಕೊಟ್ಟವರು ಯಾರು ಎಂದೊಮ್ಮೆ ಕೇಳಿಕೊಳ್ಳಿರಿ.