ದಂಡಿಗೆ ಹೋದವರ ಮನೆ: ಹೊಯ್ಸಳ ನಾಡಿನ ಕೆಲವು ಶಾಸನಗಳು

ಕ್ರಿ.ಶ. 1133. ದೋರಸಮುದ್ರದಲ್ಲಿ ಹೊಸ ಬಸದಿಯ ಪ್ರತಿಷ್ಠೆ ಮುಗಿದಿತ್ತು. ಅರಸ ವಿಷ್ಣುವರ್ಧನ ಮಾತ್ರ ರಾಜಧಾನಿಯಲ್ಲಿರಲಿಲ್ಲ, ದಂಡಿನೊಂದಿಗೆ ಬಂಕಾಪುರದಲ್ಲಿದ್ದನು. ಬಸದಿಯ ಇಂದ್ರರು, ಎಂದರೆ ಅರ್ಚಕರು, ಗಂಧೋದಕವನ್ನೂ ಶೇಷೆಯನ್ನೂ ಹಿಡಿದು ಅಲ್ಲಿಗೇ ನಡೆದರು. ತನ್ನ ಮೇಲೆ ದಂಡೆತ್ತಿ ಬಂದ ಮಸಣನನ್ನು ಅರಸ ಆಗತಾನೆ ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿ ಗಂಡುಮಗುವನ್ನು ಹೆತ್ತದ್ದೂ ಅದೇ ಸಮಯದಲ್ಲಿ. ಅರಸ ಎದ್ದು ಕೈಮುಗಿದು ಶೇಷೆಯನ್ನು ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ವಿಜಯವೂ ಪುತ್ರಜನ್ಮವೂ ಒಟ್ಟಿಗೆ ದೊರೆತವೆಂದು ಬಗೆದನು. ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಆಸಂದಿನಾಡಿನ ಜಾವಗಲ್ಲನ್ನು ಬಸದಿಗೆ ದತ್ತಿಯಾಗಿ ಬಿಟ್ಟನು. ಇಂದು ಅರಸೀಕೆರೆ ತಾಲ್ಲೂಕಿನಲ್ಲಿರುವ ಜಾವಗಲ್ಲೇ ಅದು.

ಹಳೇಬೀಡಿನ ಈ ಶಾಸನವನ್ನು ರಾಜಕೀಯ ಚರಿತ್ರೆಯ ವಿದ್ವಾಂಸರು ಕಾಲನಿರ್ಣಯಕ್ಕೆ ಬಳಸಿದ್ದಾರೆ. ಜೈನ ಚರಿತ್ರೆಯನ್ನು ಬರೆದವರು ಅರಸನ ಮತಸಹಿಷ್ಣುತೆಗೆ ಸಾಕ್ಷಿಯಾಗಿ ಎತ್ತಿಕೊಂಡಿದ್ದಾರೆ. ಎರಡೂ ಸರಿಯೇ. ಆದರೆ ಯುದ್ಧಭೂಮಿಗೂ ಮನೆಗೂ ನಡುವೆ ಸುದ್ದಿ, ಹರಕೆ, ಹೆಸರು ಓಡಾಡಿದ ಒಂದು ದಾರಿ ಇದರಲ್ಲಿ ಕಾಣುತ್ತದೆ. ಮಗು ಹುಟ್ಟಿದಾಗ ತಂದೆ ದಂಡಿನಲ್ಲಿದ್ದನು; ಮಗುವಿಗೆ ಅಂಟಿದ ಹೆಸರು ಆ ದಂಡಯಾತ್ರೆಯದು. ಬಸದಿಯೂ ಸೈನಿಕನೊಬ್ಬನ ಮನೆಯದೇ. ಮಹಾದಂಡನಾಯಕ ಗಂಗರಾಜನು ತೀರಿಕೊಂಡಾಗ ಅವನ ಮಗ ಬೊಪ್ಪದೇವನು ತಂದೆಯ ಪರೋಕ್ಷವಿನಯವಾಗಿ ಇದನ್ನು ಕಟ್ಟಿಸಿದನು; ತಂದೆಯ ‘ದ್ರೋಹಘರಟ್ಟ’ ಎಂಬ ಬಿರುದೇ ಜಿನಾಲಯದ ಹೆಸರಾಯಿತು. ಕತ್ತಿ ಹಿಡಿದು ಗಳಿಸಿದ ಬಿರುದು ಮಗನ ಕೈಯಲ್ಲಿ ದೇವಾಲಯದ ಹೆಸರಾದದ್ದು ಗಮನಾರ್ಹ.

ಗಂಗರಾಜನ ಬಾಳಿನಲ್ಲಿ ಇದಕ್ಕಿಂತ ಹಿಂದಿನ ಇನ್ನೊಂದು ಪ್ರಸಂಗವಿದೆ. ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಅವನು ರಾತ್ರಿ ಎರಗಿ ಅದನ್ನು ಚದುರಿಸಿದನು. ಮೆಚ್ಚಿದ ಅರಸ ಏನು ಬೇಕೆಂದು ಕೇಳಿದಾಗ ಗಂಗರಾಜ ಪರಮ ಎಂಬ ಗ್ರಾಮವನ್ನು ಬೇಡಿ ಪಡೆದನು. ಪಡೆದದ್ದನ್ನು ತಾನು ಇಟ್ಟುಕೊಳ್ಳಲಿಲ್ಲ; ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಶ್ರವಣಬೆಳಗೊಳದ 1118ರ ಶಾಸನ ಇದನ್ನು ಹೇಳುತ್ತದೆ. ಯೋಧನು ಗೆದ್ದು ತಂದ ಊರು ಹೀಗೆ ಮನೆಯ ಹೆಂಗಸರು ನಡೆಸುತ್ತಿದ್ದ ಧರ್ಮಕಾರ್ಯಕ್ಕೆ ಸಂದಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಕ್ಕೆ ಹೆಸರಾದ ಲಕ್ಷ್ಮೀಮತಿ ಈಕೆಯೇ. ದಂಡನಾಯಕನು ವರ್ಷಗಟ್ಟಲೆ ಗಡಿಗಳಲ್ಲಿದ್ದಾಗ ಮನೆಯ ಮಾನ, ಊರಿನ ಹಸಿವು, ಮುನಿಸಂಘದ ಸೇವೆಗಳನ್ನು ಹೊತ್ತವರು ಯಾರೆಂಬುದಕ್ಕೆ ಈ ದಾನಗಳಿಗಿಂತ ನೇರವಾದ ಉತ್ತರ ಬೇಕಿಲ್ಲ.

ಮಕ್ಕಳ ವಿಷಯದಲ್ಲಿ ಬೇಲೂರಿನ 1137ರ ಶಾಸನ ಅಪೂರ್ವವಾದುದು. ದಂಡಾಧೀಶ ಚಿಣ್ಣರಾಜನಿಗೂ ಚಂದಲೆಗೂ ಹುಟ್ಟಿದ ಬಿಟ್ಟಿಯಣ್ಣನನ್ನು ಅರಸ ತನ್ನ ಮಗನಂತೆಯೇ ಬೆಳೆಸಿದನು. ಏಳೆಂಟು ವರ್ಷದ ಹುಡುಗನಿಗೆ ತಾನೇ ಮುಂದೆ ನಿಂತು ಉಪನಯನ ಮಾಡಿಸಿದನು. ವಿದ್ಯೆ ಕಲಿಸಿ, ತನ್ನ ಪ್ರಧಾನನ ಮಗಳನ್ನು ತಂದು ಮದುವೆ ಮಾಡಿಸಿದನು. ಹುಡುಗ ಹತ್ತು ಹನ್ನೊಂದು ವರ್ಷಕ್ಕೆ ದರ್ಭೆಯ ತುದಿಯಂತೆ ಚುರುಕಾಗಿದ್ದನೆಂದು ಶಾಸನಕವಿ ಹೊಗಳುತ್ತಾನೆ. ಮುಂದೆ ಇವನೇ ಇಮ್ಮಡಿ ದಂಡನಾಯಕ ಬಿಟ್ಟಿಯಣ್ಣನಾಗಿ ಕೊಂಗುನಾಡಿನ ಮೇಲೆ ದಂಡೆತ್ತಿ ಗೆದ್ದನು. ದೋರಸಮುದ್ರದಲ್ಲಿ ವಿಷ್ಣುವರ್ಧನ ಜಿನಾಲಯವನ್ನು ಕಟ್ಟಿಸಿದನು. ಸಾಕಿದ ತಂದೆಯ ಹೆಸರನ್ನೇ ಬಸದಿಗೆ ಇಟ್ಟನೆಂಬುದನ್ನು ಮರೆಯಬಾರದು. ಅರಸನ ವಾತ್ಸಲ್ಯ ಇಲ್ಲಿ ನಿಜವಾದುದು. ಆದರೆ ಅದು ಬರಿಯ ವಾತ್ಸಲ್ಯವಲ್ಲ. ಸೇನಾನಿಯ ಮಗನನ್ನು ಸಾಕುವುದೆಂದರೆ ಮುಂದಿನ ಸೇನಾನಿಯನ್ನು ಸಾಕುವುದು. ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನಲ್ಲಿಯೂ ಯುದ್ಧದಲ್ಲಿ ಮಡಿದವರ ಮಕ್ಕಳನ್ನು ಪ್ರಾಯಕ್ಕೆ ಬರುವ ತನಕ ನಗರವೇ ಸಾಕಿ, ಕೊನೆಗೆ ಅವರ ಕೈಗೆ ಆಯುಧ ಕೊಟ್ಟು ಕಳುಹಿಸುತ್ತಿತ್ತು. ಪೋಷಣೆಗೂ ಸೈನ್ಯಭರ್ತಿಗೂ ನಡುವಣ ಗೆರೆ ಅಲ್ಲಿಯೂ ತೆಳ್ಳಗಿನದೇ.

ಇವೆಲ್ಲ ದೊಡ್ಡ ಮನೆತನಗಳ ಮಾತು. ತುರುಗಾಳಗದಲ್ಲಿ, ಊರಳಿವಿನಲ್ಲಿ, ಪರನಾಡಿನ ದಂಡಿನಲ್ಲಿ ಸತ್ತ ಸಾಮಾನ್ಯ ಭಟನ ಮನೆಯವರ ಗತಿಯೇನು? ಅದನ್ನು ಹೇಳುವುದು ವೀರಗಲ್ಲು. ಬೇಲೂರು, ಅರಸೀಕೆರೆ ಸೀಮೆಯ ಊರಬಾಗಿಲು, ಕೆರೆಯ ಏರಿಗಳಲ್ಲಿ ಅವು ನಿಂತಿವೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಲಿಂಗ ಅಥವಾ ಜಿನಬಿಂಬ. ಕಲೆಯ ವಿದ್ಯಾರ್ಥಿಗಳ ಕಣ್ಣು ಸಹಜವಾಗಿ ಶಿಲ್ಪದ ಮೇಲೆ ನಿಲ್ಲುತ್ತದೆ; ಮನೆಯವರ ಪಾಲಿಗೆ ಮುಖ್ಯವಾದದ್ದು ಪಟ್ಟಿಕೆಗಳ ನಡುವಣ ಬರಹದ ಕೊನೆಯ ಸಾಲುಗಳು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಪದಗಳು ಬರುವುದು ಅಲ್ಲಿ. ಬಾಳ್ಗಳ್ಚು ಎಂದರೆ ಕತ್ತಿ ತೊಳೆಯುವುದು, ಆ ಸಂದರ್ಭದಲ್ಲಿ ಕೊಟ್ಟ ಭೂಮಿ; ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ ಈ ಪದವಿದೆ. ಕಲ್ನಾಡು ಎಂದರೆ ಕಲ್ಲಿನೊಡನೆ ಬಿಟ್ಟ ನೆಲ. ನೆತ್ತರುಗೊಡಗೆಯಂತೂ ವಿವರಣೆಯನ್ನೇ ಬೇಡದು. ಬೇಗೂರಿನ ವೀರಗಲ್ಲಿನಲ್ಲಿ ತುಂಬೆಪಾಡಿಯ ಕಾಳಗದಲ್ಲಿ ಆನೆಗಳೆದುರು ಹೋರಾಡಿ ನಾಗತ್ತರನು ಮಡಿದ ಮೇಲೆ, ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಪದವಿ ಬರಿದಾಗಿ ಉಳಿಯಲಿಲ್ಲ.

ಗಂಗರ ಕಾಲದ ಈ ಪದ್ಧತಿ ಹೊಯ್ಸಳರ ಕಾಲಕ್ಕೂ ನಡೆದುಬಂತು. ಭಂಡಾರದ ಹೊನ್ನು ಒಮ್ಮೆ ಕೈಸೇರಿ ಕರಗುತ್ತದೆ. ತೆರಿಗೆಯಿಲ್ಲದ ಗದ್ದೆ ವರ್ಷವರ್ಷವೂ ಬೆಳೆಯುತ್ತದೆ. ಮಡಿದವನ ಹೆಂಡತಿಗೂ ಮಕ್ಕಳಿಗೂ ಆ ಗದ್ದೆಯ ಬತ್ತವೇ ಬಾಳಿನ ಆಧಾರ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲೆಂಬ ಶಾಪಾಶಯವನ್ನು ನಾವು ಸಿದ್ಧಸೂತ್ರವೆಂದು ಓದಿ ಮುಂದೆ ಸಾಗುತ್ತೇವೆ. ಗಂಡುದಿಕ್ಕಿಲ್ಲದ ಮನೆಯ ಹೊಲವನ್ನು ಬಲಶಾಲಿಯಾದ ನೆರೆಯವನು ಒತ್ತುವ ಕಾಲದಲ್ಲಿ ಆ ಶಾಪವೇ ಬೇಲಿಯಾಗಿತ್ತು.

ಆದರೆ ಈ ವ್ಯವಸ್ಥೆಯ ಬುಡದಲ್ಲೇ ಅದನ್ನು ನುಂಗುವ ಇನ್ನೊಂದು ಮೌಲ್ಯವಿತ್ತು. ತಿಂದ ಅನ್ನದ ಋಣ ಜೋಳವಾಳಿ. ಒಡೆಯನೊಂದಿಗೆ ಸಾಯುವ ಪ್ರತಿಜ್ಞೆ ವೇಳೆವಾಳಿ. ಮೊದಲನೆಯದು ಮನೆಯನ್ನು ಸಾಕಿತು, ಎರಡನೆಯದು ಮನೆಯನ್ನೇ ಕೇಳಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡಗಂಬ ಇದಕ್ಕೆ ಸಾಕ್ಷಿ. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ, ಅವನು ಮಗನಂತೆ ಸಾಕಿದ್ದ ದಂಡನಾಯಕ ಕುವರ ಲಕ್ಷ್ಮನು ತನ್ನ ವ್ರತದಂತೆ ಪ್ರಾಣ ಬಿಟ್ಟನು. ಜೊತೆಗೆ ಅವನ ಸಾವಿರ ವೀರರು. ಜೊತೆಗೆ ಹೆಂಡತಿ ಸುಗ್ಗಲದೇವಿ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಯೋಧರ ಉಬ್ಬುಶಿಲ್ಪಗಳಿವೆ. ಬಿಟ್ಟಿಯಣ್ಣನನ್ನು ಸಾಕಿದ ಅದೇ ರಾಜವಾತ್ಸಲ್ಯ ಮೂರು ತಲೆಮಾರುಗಳಲ್ಲಿ ಇಲ್ಲಿಗೆ ಬಂದು ನಿಂತಿತು. ಶಾಸನಕವಿಗೆ ಇದು ಪರಮ ಸಾರ್ಥಕತೆ. ಸಾವಿರ ವೀರರೆಂದರೆ ಸಾವಿರ ಮನೆಗಳೆಂದು ಇಂದಿನ ಓದುಗನು ಎಣಿಸದೆ ಇರಲಾರನು.

ಅದೇ ವರ್ಷದ ಸುಮಾರಿಗೆ ಅರಸೀಕೆರೆಯಲ್ಲಿ ಬೇರೊಂದು ದಾರಿ ಹಿಡಿದ ಸೇನಾನಿಯೊಬ್ಬನ ಶಾಸನ ಸಿಗುತ್ತದೆ. ರೇಚರಸನು ಕಲಚುರಿ ಕುಲದ ಸಚಿವೋತ್ತಮ, ‘ವಸುಧೈಕಬಾಂಧವ’ನೆಂದು ಬಿರುದು ಪಡೆದವನು. ಅವನ ಒಡೆಯರ ರಾಜ್ಯ ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲೇ ಅಳಿದುಹೋಗಿತ್ತು. ರೇಚರಸ ಒಡೆಯನೊಡನೆ ಸಾಯಲಿಲ್ಲ. ಬಲ್ಲಾಳನ ಆಶ್ರಯಕ್ಕೆ ಬಂದನು, ಬದುಕಿದನು, ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಾಪಿಸಿದನು. ಬಸದಿಯ ಪೂಜೆಗೂ ಆಹಾರದಾನಕ್ಕೂ ಬಲ್ಲಾಳನಿಂದ ಊರೊಂದನ್ನು ಪಡೆದು ತನ್ನ ಗುರು ಸಾಗರನಂದಿಗೆ ಒಪ್ಪಿಸಿದನು.