ಮಗು ‘ಗಲೀಜು ನೀರು ಕುಡಿದಿದೆ’ ಎಂದರೇನು? ಚಿಕಿತ್ಸೆ ಹೇಗೆ?

ನರ್ಸ್ ಬಂದು ‘ಮಗು ಹೊಟ್ಟೆಯಲ್ಲೇ ಗಲೀಜು ನೀರು ಕುಡಿದಿದೆ’ ಎಂದರೆ ಮನೆಯವರು ಗಾಬರಿಯಾಗುವುದು ಸಹಜ. ಆಮ್ಲಜನಕ ಸಾಲದೆ ಒತ್ತಡಕ್ಕೊಳಗಾದ ಶಿಶು ಗರ್ಭದಲ್ಲೇ ಮೆಕೋನಿಯಂ, ಅಂದರೆ ಮೊದಲ ಮಲ ಮಾಡಿ, ಅದು ಬೆರೆತ ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಂಡಿರುತ್ತದೆ. ದಿನ ಮೀರಿದ ಹೆರಿಗೆಗಳಲ್ಲಿ ಇದು ಹೆಚ್ಚು. ಆದರೆ ನೀರು ಹಸಿರಾಗಿದ್ದ ಎಲ್ಲ ಶಿಶುಗಳಿಗೂ ತೊಂದರೆಯಾಗುವುದಿಲ್ಲ. ಜೋರಾಗಿ ಅತ್ತ ಮಗುವನ್ನು ತಾಯಿಯ ಬಳಿಯೇ ಇಟ್ಟು ಗಮನಿಸುತ್ತಾರೆ.

ಅಳದ ಮಗುವಿನ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಮಲ ಹೀರುವುದು ಹಳೆಯ ಪದ್ಧತಿ. ಪುದುಚೇರಿಯ ಜಿಪ್ಮರ್ ಅಧ್ಯಯನದಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2015ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಎಲ್ಲರಿಗೂ ಹಾಗೆ ಮಾಡುವುದನ್ನು ಕೈಬಿಟ್ಟಿತು. ಈಗ ಮೊದಲ ನಿಮಿಷದಲ್ಲೇ ಮಾಸ್ಕ್ ಮೂಲಕ ಉಸಿರು ಕೊಡುವುದೇ ಮುಖ್ಯ. ಏದುಸಿರು ನಿಲ್ಲದಿದ್ದರೆ ಆಮ್ಲಜನಕ, ಸಿಪ್ಯಾಪ್, ಕೊನೆಗೆ ವೆಂಟಿಲೇಟರ್.

ಪುಣೆಯಲ್ಲಿ ಸಸೂನ್, ಕೆಇಎಂ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿವೆ. ನೀರೊಡೆದಾಗ ಹಸಿರು ಬಣ್ಣ ಕಂಡರೆ ಹೆರಿಗೆ ನೋವಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.