ಇನ್ಸುಲಿನ್ನಿನ ಬೆಲೆಯೂ ಸರ್ಕಾರದ ಬೊಕ್ಕಸವೂ

ಸರ್ಕಾರದ ಆಯವ್ಯಯ ಪತ್ರದಲ್ಲಿ ಔಷಧಗಳ ವೆಚ್ಚವು ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಯಾವ ಔಷಧವನ್ನು ಆರಿಸಬೇಕು, ಯಾರಿಂದ ಕೊಳ್ಳಬೇಕು ಎಂಬ ನಿರ್ಣಯಗಳ ದೀರ್ಘ ಚರಿತ್ರೆಯೊಂದು ಆ ಸಾಲುಗಳ ಹಿಂದೆ ಅಡಗಿರುತ್ತದೆ. ಮಧುಮೇಹದ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಅಧ್ಯಾಯವೊಂದು ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದಿನಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ನಡೆಯಿತೆಂಬುದು ಗಮನಾರ್ಹವಾಗಿದೆ.

ಇನ್ಸುಲಿನ್ನು 1921-22ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬೆಳಕಿಗೆ ಬಂದಿತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಇವರು ಅದರ ಪೇಟೆಂಟು ಹಕ್ಕನ್ನು ತಲಾ ಒಂದು ಡಾಲರಿಗೆ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಆದರೆ ಶೋಧಕರ ಔದಾರ್ಯವೊಂದರಿಂದಲೇ ಔಷಧವು ಬಡವನ ಕೈಗೆ ಎಟುಕಲಿಲ್ಲ. ತಯಾರಿಕೆಯ ವಿದ್ಯೆಯು ಕೆಲವೇ ಸಂಸ್ಥೆಗಳ ವಶದಲ್ಲಿ ಉಳಿಯಿತು. ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದ ಕಾಲ ಹೋಗಿ, 1982ರಲ್ಲಿ ಅಣುಜೀವಿಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ನು ಅಮೆರಿಕದಲ್ಲಿ ಮನ್ನಣೆ ಪಡೆದ ಮೇಲೂ ಈ ಸ್ಥಿತಿ ಬದಲಾಗಲಿಲ್ಲ.

ಭಾರತದಲ್ಲಿ 1970ರ ಪೇಟೆಂಟು ಕಾಯಿದೆಯು 1972ರಲ್ಲಿ ಜಾರಿಗೆ ಬಂದಿತು. ಔಷಧಕ್ಕೆ ಪೇಟೆಂಟು ಇಲ್ಲ, ತಯಾರಿಕೆಯ ವಿಧಾನಕ್ಕೆ ಮಾತ್ರ ಉಂಟು ಎಂಬುದು ಅಂದು ಅದರ ತಿರುಳಾಗಿತ್ತು. ಬೇರೆ ವಿಧಾನ ಕಂಡುಕೊಂಡವನು ಅದೇ ಗುಳಿಗೆಯನ್ನು ತಯಾರಿಸಬಹುದಾಯಿತು. ಹಲವರು ತಯಾರಿಸಿದಲ್ಲಿ ಬೆಲೆ ತಗ್ಗಿತು. ಆದರೆ ಇನ್ಸುಲಿನ್ನು ಗುಳಿಗೆಯಂತಲ್ಲ. ಅದಕ್ಕೆ ಸಜೀವ ಕೋಶಗಳನ್ನು ಬೆಳೆಸಿ, ಸಾರವನ್ನು ಶುದ್ಧೀಕರಿಸುವ ದುಬಾರಿ ಕಾರ್ಖಾನೆ ಬೇಕು. ಕಾಯಿದೆಯು ಬಾಗಿಲು ತೆರೆದಿದ್ದರೂ ಒಳಗೆ ಹೋಗುವ ಶಕ್ತಿ ಬಹುಕಾಲ ಯಾರಿಗೂ ಇರಲಿಲ್ಲ.

ಆ ಶಕ್ತಿಯು ಬಂದುದು ಈ ಶತಮಾನದ ಆದಿಯಲ್ಲಿ. ಔರಂಗಾಬಾದಿನಲ್ಲಿ ಕಾರ್ಖಾನೆಗಳುಳ್ಳ ವೊಕಾರ್ಡ್ ಸಂಸ್ಥೆಯು 2003ರಲ್ಲಿ ವೋಸುಲಿನ್ ಎಂಬ ಮಾನವ ಇನ್ಸುಲಿನ್ನನ್ನು ಹೊರತಂದಿತು. 1978ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಬಯೋಕಾನ್ 2004ರಲ್ಲಿ ಇನ್ಸುಜೆನ್ ತಂದಿತು. ಎರಡೂ ಯೀಸ್ಟ್ ಕೋಶಗಳಿಂದ ಪಡೆದವು. ವಿದೇಶೀ ಸಂಸ್ಥೆಗಳಿಗೆ ಇಲ್ಲಿಯೇ ಪೈಪೋಟಿ ಹುಟ್ಟಿತು. ಬಡದೇಶಗಳ ಸರ್ಕಾರಗಳಿಗೆ ದಿನಕ್ಕೆ 10 ಅಮೆರಿಕನ್ ಸೆಂಟಿಗಿಂತ ಕಡಿಮೆ ವೆಚ್ಚದಲ್ಲಿ ಇನ್ಸುಲಿನ್ನು ಒದಗಿಸುವುದಾಗಿ 2019ರಲ್ಲಿ ಬಯೋಕಾನ್ ಘೋಷಿಸುವ ಮಟ್ಟಕ್ಕೆ ವಿಷಯವು ಬೆಳೆಯಿತು.

ಆದರೆ ಊರಿನ ಮಗ್ಗುಲಲ್ಲಿ ಕಾರ್ಖಾನೆ ಇದ್ದ ಮಾತ್ರಕ್ಕೆ ಔಷಧವು ಆ ಊರಿನ ಆಸ್ಪತ್ರೆಗೆ ಬಂದು ಸೇರುವುದಿಲ್ಲ. ಮಹಾರಾಷ್ಟ್ರದ ಸರ್ಕಾರೀ ಆಸ್ಪತ್ರೆಗಳ ಔಷಧ ಖರೀದಿಯನ್ನು 2017ರಲ್ಲಿ ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಒಪ್ಪಿಸಲಾಯಿತು. 2023ರಲ್ಲಿ ಪ್ರತ್ಯೇಕ ಪ್ರಾಧಿಕಾರವೊಂದಕ್ಕಾಗಿ ಕಾಯಿದೆಯಾಯಿತು. ನಾಸಿಕ ಮತ್ತು ಸಂಭಾಜಿನಗರ ಜಿಲ್ಲೆಗಳ ಬೇಡಿಕೆ ಒಟ್ಟುಗೂಡಿದರೆ ಕೊಳ್ಳುವವನಿಗೆ ಬಲ ಬರುತ್ತದೆ. ಆದರೆ ಒಂದೇ ಕೈ ತಡವಾದರೆ ಎರಡೂ ಜಿಲ್ಲೆಗಳ ಕಪಾಟು ಬರಿದಾಗುತ್ತದೆ.

ಆಯ್ಕೆಯ ಪ್ರಶ್ನೆಯೂ ಇಷ್ಟೇ ತೂಕದ್ದು. ಮೆಟ್‌ಫಾರ್ಮಿನ್ ಹಳೆಯ ಔಷಧ. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟೆರ್ನ್ ಅದನ್ನು ಮಧುಮೇಹಕ್ಕೆ ಬಳಸಿ ಪ್ರಕಟಿಸಿದರು. ಅದು ಸಾಲದಾದಾಗ ಸಲ್ಫೊನೈಲ್‌ಯೂರಿಯಾ ವರ್ಗದ ಗುಳಿಗೆಗಳನ್ನೂ, ಇನ್ಸುಲಿನ್ನು ಬೇಕಾದಾಗ ಸಾಮಾನ್ಯವಾಗಿ ಮಾನವ ಇನ್ಸುಲಿನ್ನನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸಲಹೆಯಿತ್ತಿತು. 2021ರಲ್ಲಿ ಅದೇ ಸಂಸ್ಥೆಯು ದೀರ್ಘಕಾಲ ಕೆಲಸಮಾಡುವ ರೂಪಾಂತರಿತ ಇನ್ಸುಲಿನ್ನುಗಳನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರಕ್ತದ ಸಕ್ಕರೆಯು ಪದೇಪದೇ ಅಪಾಯಕರವಾಗಿ ಇಳಿಯುವ ರೋಗಿಗೆ ಹೊಸದು ನಿಜವಾಗಿ ಬೇಕು. ಅಂಥವನಿಗೆ ಅದನ್ನು ನಿರಾಕರಿಸುವುದು ಮಿತವ್ಯಯವಲ್ಲ.

ಲೆಕ್ಕವು ಸರಳವಾಗಿದೆ. ಒಂದು ಸಾವಿರ ರೋಗಿಗಳಿಗೆ ದಿನಕ್ಕೆ ಒಂದು ರೂಪಾಯಿ ಹೆಚ್ಚಾದರೆ ವರ್ಷಕ್ಕೆ 3,65,000 ರೂಪಾಯಿ. ಸೀಟಾಗ್ಲಿಪ್ಟಿನ್ ಗುಳಿಗೆಯ ಪೇಟೆಂಟು 2022ರಲ್ಲಿ ಮುಗಿದ ಕೆಲವೇ ವಾರಗಳಲ್ಲಿ, 50 ಮಿಲಿಗ್ರಾಮಿನ ಹತ್ತು ಗುಳಿಗೆಗಳು ಜನೌಷಧಿ ಅಂಗಡಿಗಳಲ್ಲಿ 60 ರೂಪಾಯಿಗೆ ದೊರೆತವು. ಗುಳಿಗೆ ಬದಲಾಗಲಿಲ್ಲ, ತಯಾರಕರ ಸಂಖ್ಯೆ ಬದಲಾಯಿತು.

ಸಾರ್ವಜನಿಕ ಬೊಕ್ಕಸಕ್ಕೆ ಈ ಚರಿತ್ರೆಯು ಕಲಿಸುವ ಪಾಠವಿಷ್ಟೆ: ಔಷಧದ ಬೆಲೆಯು ಪ್ರಕೃತಿದತ್ತವಲ್ಲ, ಶಾಸನವೂ ಕಾರ್ಖಾನೆಯೂ ಖರೀದಿಯೂ ಕೂಡಿ ಅದನ್ನು ನಿರ್ಮಿಸುತ್ತವೆ. ಹಳೆಯದರಲ್ಲಿ ಉಳಿಸಿದ ಹಣದಿಂದಲೇ ಹೊಸದು ಬೇಕಾದವನಿಗೆ ಹೊಸದನ್ನು ಕೊಡಲು ಸಾಧ್ಯ.